ಮೆಕ್‌ಲಾರೆನ್ ಎಫ್1, ಬುಗಾಟಿ ವೇರಾನ್: 21 ಕಿ.ಮೀ. ವ್ಯತ್ಯಾಸದ ಲೆಕ್ಕ

ಜರ್ಮನಿಯ ಎರಾ-ಲೆಸ್ಸಿಯನ್‌ನಲ್ಲಿ ಫೋಕ್ಸ್‌ವ್ಯಾಗನ್ ಕಂಪೆನಿಯ ಟೆಸ್ಟ್ ಟ್ರ್ಯಾಕ್ ಇದೆ. 1998ರಲ್ಲಿ ಅಲ್ಲಿ ಬ್ರಿಟನ್ನಿನ ಮೆಕ್‌ಲಾರೆನ್ ಎಫ್1 ಗಂಟೆಗೆ 386 ಕಿ.ಮೀ. ವೇಗದಲ್ಲಿ ಓಡಿ ದಾಖಲೆ ಮಾಡಿತು. 2005ರಲ್ಲಿ ಅದೇ ಟ್ರ್ಯಾಕ್‌ನಲ್ಲಿ ಬುಗಾಟಿ ವೇರಾನ್ 407 ಕಿ.ಮೀ. ಮುಟ್ಟಿತು. ವ್ಯತ್ಯಾಸ ಬರೀ 21 ಕಿ.ಮೀ. ಆದರೆ ಎಂಜಿನ್ ಶಕ್ತಿ 627ರಿಂದ 1,001 ಅಶ್ವಶಕ್ತಿಗೆ ಏರಬೇಕಾಯಿತು. ಯಾಕೆ?

ಭಾರ ಇಳಿಸಿದ ಮೆಕ್‌ಲಾರೆನ್

ಎಫ್1 ವಿನ್ಯಾಸಕ ಗಾರ್ಡನ್ ಮರ್ರೆ ರೇಸ್ ಕಾರುಗಳಲ್ಲಿ ಪಳಗಿದವರು. ದಾಖಲೆಗಿಂತ ಓಡಿಸಲು ಹಿತವಾದ ಹಗುರ ಕಾರು ಅವರ ಗುರಿ. ದೇಹದ ಚೌಕಟ್ಟು ಪೂರ್ತಿ ಕಾರ್ಬನ್ ಫೈಬರ್. ಚಾಲಕ ನಡುವೆ ಕೂರುತ್ತಾನೆ, ಇಬ್ಬರು ಪ್ರಯಾಣಿಕರು ಅಕ್ಕಪಕ್ಕ ಹಿಂದೆ. ಪವರ್ ಸ್ಟೀರಿಂಗ್ ಇಲ್ಲ, ಎಬಿಎಸ್ ಇಲ್ಲ. ಬಿಎಂಡಬ್ಲ್ಯೂ ಕೊಟ್ಟ 6.1 ಲೀಟರ್ ವಿ12 ಎಂಜಿನ್‌ಗೆ ಟರ್ಬೊ ಕೂಡ ಇಲ್ಲ. ಎಂಜಿನ್ ಕೋಣೆಗೆ ಚಿನ್ನದ ಹಾಳೆ ಹಾಕಿದ್ದು ಶೋಕಿಗಲ್ಲ. ಚಿನ್ನ ಬಿಸಿಯನ್ನು ಚೆನ್ನಾಗಿ ಹಿಂದಕ್ಕೆ ತಳ್ಳುತ್ತದೆ. ಒಟ್ಟು ತೂಕ ಸುಮಾರು 1,140 ಕೆ.ಜಿ.

ಶಕ್ತಿ ಏರಿಸಿದ ಬುಗಾಟಿ

ಫೋಕ್ಸ್‌ವ್ಯಾಗನ್ ಮುಖ್ಯಸ್ಥ ಫರ್ಡಿನೆಂಡ್ ಪೀಯೆಕ್ ಅವರ ಬೇಡಿಕೆ ಬೇರೆ: 1,000 ಅಶ್ವಶಕ್ತಿ, 400 ದಾಟುವ ವೇಗ, ಜೊತೆಗೆ ಎಸಿ ಹಾಕಿ ಪೇಟೆಗೂ ಆರಾಮವಾಗಿ ಹೋಗುವಂತಿರಬೇಕು. ಅದಕ್ಕೆ 8 ಲೀಟರ್, 16 ಸಿಲಿಂಡರ್, 4 ಟರ್ಬೊ. ನಾಲ್ಕೂ ಚಕ್ರಕ್ಕೆ ಶಕ್ತಿ. ತೂಕ ಸುಮಾರು 1,890 ಕೆ.ಜಿ. 375 ಕಿ.ಮೀ. ದಾಟಬೇಕಾದರೆ ಇನ್ನೊಂದು ಕೀ ತಿರುಗಿಸಬೇಕು. ಆಗ ಕಾರು ನೆಲಕ್ಕೆ ತಗ್ಗುತ್ತದೆ. ಪೂರ್ತಿ ವೇಗದಲ್ಲಿ 100 ಲೀಟರ್ ಟ್ಯಾಂಕ್ ಸುಮಾರು 12 ನಿಮಿಷಕ್ಕೆ ಖಾಲಿ.

ಶತ್ರು ಗಾಳಿ

ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. ಆದ್ದರಿಂದ ಮೇಲಕ್ಕೆ ಹೋದಷ್ಟೂ ಒಂದೊಂದು ಕಿಲೋಮೀಟರಿಗೂ ರೇಟು ಜಾಸ್ತಿ. ಅಷ್ಟೇ ಅಲ್ಲ, ದೊಡ್ಡ ಎಂಜಿನ್ ಎಂದರೆ ದೊಡ್ಡ ಬಿಸಿ. ಅದನ್ನು ತಣಿಸಲು ವೇರಾನ್‌ಗೆ 10 ರೇಡಿಯೇಟರ್. ಅವುಗಳಿಗೆ ಗಾಳಿ ಬಿಡುವ ಕಿಂಡಿಗಳೇ ಕಾರಿನ ಓಟಕ್ಕೆ ಅಡ್ಡಿ. ಆ ಅಡ್ಡಿ ಗೆಲ್ಲಲು ಮತ್ತಷ್ಟು ಶಕ್ತಿ ಬೇಕು. ಸಾಲ ತೀರಿಸಲು ಮತ್ತೆ ಸಾಲ ಮಾಡಿದ ಹಾಗೆ.

ಯಾರ ಸಾಧನೆ ದೊಡ್ಡದು?

ಬೇಡದ್ದನ್ನು ಬಿಡುವುದರಲ್ಲಿ ಎಫ್1 ಗೆದ್ದಿತು. 1995ರ ಲಮಾನ್ 24 ಗಂಟೆ ರೇಸ್ ಗೆದ್ದದ್ದೂ ಅದರದೇ ರೇಸ್ ರೂಪ. ಅಷ್ಟು ಭಾರ, ಅಷ್ಟು ಬಿಸಿ ಹೊತ್ತೂ ಕೈಗೆ ಸಿಗುವ ಕಾರಾಗಿ ಉಳಿದದ್ದು ವೇರಾನ್ ಗೆಲುವು. ವೇಗದ ಪಟ್ಟಿ ನೋಡಿದರೆ ಬುಗಾಟಿಯೇ ಮೇಲೆ. ಖರ್ಚಾದ ಶಕ್ತಿಗೆ ಸಿಕ್ಕ ಫಲ ನೋಡಿದರೆ, ಮೆಕ್‌ಲಾರೆನ್ ಲೆಕ್ಕವೇ ಲಾಭದ್ದು.