ವಜ್ರದ ಪ್ರಮಾಣಪತ್ರವನ್ನು ಓದುವ ಬಗೆ

ಕುಮಟೆಯ ಮಾರುಕಟ್ಟೆಗೆ ಅಡಿಕೆಯ ಮೂಟೆಗಳನ್ನು ಸಾಗಿಸುವ ಸಂತೆಗುಳಿಯ ಕೃಷಿಕನಿಗೆ, ಒಂದೇ ತೋಟದಲ್ಲಿ ಬೆಳೆದುದಾದರೂ ಚಾಲಿಯ ಬೆಲೆ ಬೇರೆ, ಕೋಕದ ಬೆಲೆ ಬೇರೆ, ಚಿಪ್ಪಿನ ಬೆಲೆ ಬೇರೆ ಎಂಬುದನ್ನಾಗಲಿ, ಹಳೆಯ ಚಾಲಿಗೂ ಹೊಸ ಚಾಲಿಗೂ ಇರುವ ತಾರತಮ್ಯವನ್ನಾಗಲಿ ಯಾರೂ ಕಲಿಸಬೇಕಾಗಿಲ್ಲ. ಅಡಿಕೆಯನ್ನು ಕೈಗೆತ್ತಿಕೊಂಡು ಒಡೆದು ನೋಡಿದ ಕ್ಷಣದಲ್ಲಿಯೇ ಅವನು ಅದರ ವರ್ಗವನ್ನು ನಿರ್ಣಯಿಸಬಲ್ಲನು. ಆದರೆ ಅದೇ ಗೃಹಸ್ಥನು ಮಗಳ ವಿವಾಹದ ನಿಮಿತ್ತವಾಗಿ ಕುಮಟೆಯಲ್ಲಿಯೋ ಹೊನ್ನಾವರದಲ್ಲಿಯೋ ಭಟ್ಕಳದಲ್ಲಿಯೋ ಆಭರಣದಂಗಡಿಯ ಮೆಟ್ಟಿಲನ್ನೇರಿ, ವಜ್ರದ ಬೆಂಡೋಲೆಯನ್ನು ನೋಡಲು ಕುಳಿತಾಗ, ತನ್ನ ಮುಂದಿರುವ ಹರಳಿಗಿಂತ ಅದರೊಡನೆ ಬಂದ ಪ್ರಮಾಣಪತ್ರವನ್ನೇ ಹೆಚ್ಚಾಗಿ ನಂಬುವನು, ಮತ್ತು ಆ ಪತ್ರವನ್ನು ಓದದೆಯೇ ನಂಬುವನು. ಅಡಿಕೆಯ ವಿಷಯದಲ್ಲಿ ತೋರುವ ಜಾಗರೂಕತೆಯನ್ನು ಆತನು ಈ ಕಾಗದದ ವಿಷಯದಲ್ಲಿಯೂ ತೋರಬೇಕೆಂಬುದೇ ನನ್ನ ಆಶಯ.

ಕರಾವಳಿಯ ಈ ಭಾಗದಲ್ಲಿ ಚಿನ್ನದ ಕೆಲಸವು ಬಹುಕಾಲ ದೈವಜ್ಞ ಸಮಾಜದವರ ಕೈಯಲ್ಲಿದ್ದಿತು. ಅವರ ಗುರುಪೀಠವು ಹೊನ್ನಾವರಕ್ಕೆ ಸಮೀಪದ ಕರ್ಕಿಯಲ್ಲಿಯೇ ಇದೆ. ಅಜ್ಜಿಯ ಓಲೆಯನ್ನು ಮಾಡಿಕೊಟ್ಟ ಅಕ್ಕಸಾಲಿಗ ಶೇಟರ ಮಗನೇ ಮೊಮ್ಮಗಳ ಓಲೆಯನ್ನೂ ಮಾಡಿಕೊಡುತ್ತಿದ್ದ ಕಾಲದಲ್ಲಿ ಪತ್ರದ ಅಗತ್ಯವೇ ಇರಲಿಲ್ಲ. ಹರಳು ಕೆಟ್ಟದಾದರೆ ಮಾತು ಕೆಡುತ್ತಿತ್ತು, ಮಾತು ಕೆಟ್ಟರೆ ಅದೇ ಊರಿನಲ್ಲಿ ತಲೆಯೆತ್ತಿ ಬಾಳುವುದು ದುಸ್ತರವಾಗುತ್ತಿತ್ತು. ಇಂದು ಹರಳು ಸೂರತ್ತಿನಲ್ಲಿ ಸಾಣೆಗೊಂಡು, ಮುಂಬಯಿಯಲ್ಲಿ ಪರೀಕ್ಷೆಗೊಂಡು, ಮಂಗಳೂರಿನ ಮಳಿಗೆಯಿಂದಲೋ ಭಟ್ಕಳದವರಿಗೆ ಚಿರಪರಿಚಿತವಾದ ದುಬೈಯಿಂದಲೋ ನಮ್ಮ ಮನೆಗೆ ಬರುತ್ತದೆ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ಪರಿಚಯವಿಲ್ಲ. ಆ ಪರಿಚಯದ ಸ್ಥಾನವನ್ನೇ ಪತ್ರವು ಆಕ್ರಮಿಸಿದೆ.

ವಜ್ರವನ್ನು ವರ್ಗೀಕರಿಸುವ ವಿದ್ಯೆಯು ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜಕೋಶದ ಪ್ರಕರಣದೊಳಗೆ ರತ್ನಪರೀಕ್ಷೆಗೂ ಸ್ಥಾನವುಂಟು. ನಮ್ಮ ರತ್ನಶಾಸ್ತ್ರಕಾರರು ಆರು ಕೋನ, ಎಂಟು ಮುಖ, ಹನ್ನೆರಡು ಧಾರೆಗಳುಳ್ಳ ಸಹಜ ಸ್ಫಟಿಕವನ್ನು ಉತ್ತಮವೆಂದೆಣಿಸಿ, ಮಲ, ಬಿಂದು, ಯವ, ರೇಖೆ, ಕಾಕಪದ ಎಂಬ ದೋಷಗಳನ್ನು ಹೆಸರಿಸಿದರು. ಇಂದಿನ ಪ್ರಯೋಗಶಾಲೆಯವನು ಹರಳಿನೊಳಗೆ ಕಾಣುವ ಚುಕ್ಕೆ, ಗರಿ, ಗೀರುಗಳನ್ನು ನಕ್ಷೆಯ ಮೇಲೆ ಗುರುತಿಸುವಾಗ ಮಾಡುವುದೂ ಬಹುಮಟ್ಟಿಗೆ ಅದನ್ನೇ. ಭಟ್ಕಳವು ವಿಜಯನಗರದ ಸರಕಿಗೆ ಸಮುದ್ರದ್ವಾರವಾಗಿದ್ದ ದಿನಗಳಲ್ಲಿ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು, ಇಲ್ಲಿಂದ ಘಟ್ಟದ ಮೇಲಕ್ಕೆ ಸಾಗುತ್ತಿದ್ದ ಹೇರೆತ್ತುಗಳನ್ನೂ, ರಾಜಧಾನಿಯ ಬೀದಿಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳು ಮಾರಾಟವಾಗುತ್ತಿದ್ದುದನ್ನೂ ವರ್ಣಿಸಿದ್ದಾನೆ. 17ನೆಯ ಶತಮಾನದಲ್ಲಿ ದಕ್ಷಿಣದ ಗಣಿಗಳನ್ನು ಕಂಡ ಫ್ರೆಂಚ್ ವರ್ತಕ ತಾವೆರ್ನಿಯೆಯು ಹೇಳುವ ಸಂಗತಿಯೊಂದು ನನಗೆ ಬಹು ಪ್ರಿಯವಾದದ್ದು: ಯುರೋಪಿನವರು ಹಗಲಿನ ಬೆಳಕಿನಲ್ಲಿ ಹರಳನ್ನು ಪರೀಕ್ಷಿಸುತ್ತಿದ್ದರೆ, ಇಲ್ಲಿಯವರು ರಾತ್ರಿಯಲ್ಲಿ ಗೋಡೆಯ ಗೂಡಿನಲ್ಲಿ ದೀಪವಿಟ್ಟು ನೋಡುತ್ತಿದ್ದರಂತೆ, ಹರಳಿನಲ್ಲಿ ನೀಲಛಾಯೆಯುಂಟೆ ಎಂದು ತಿಳಿಯಬೇಕಾದರೆ ಎಲೆದಟ್ಟವಾದ ಮರದ ನೆರಳಿಗೆ ಒಯ್ಯುತ್ತಿದ್ದರಂತೆ. ಬೆಳಕು ಬದಲಾದರೆ ವಜ್ರದ ಬಣ್ಣವೂ ಬದಲಾಗಿ ತೋರುವುದೆಂಬ ಈ ಅರಿವು, ಅಂಗಡಿಯ ಪ್ರಖರ ದೀಪಮಾಲೆಯ ಕೆಳಗೆ ಕುಳಿತವನು ಇಂದಿಗೂ ಮರೆಯಬಾರದ ಅರಿವು. ಹರಳನ್ನು ಒಮ್ಮೆಯಾದರೂ ಬಾಗಿಲ ಬಳಿಯ ಹಗಲಿನ ಬೆಳಕಿಗೆ ತಂದು ನೋಡತಕ್ಕದ್ದು.

ಈಗಿನ ಪತ್ರವು ತೂಕ, ಬಣ್ಣ, ನಿರ್ಮಲತೆ, ಸಾಣೆ ಎಂಬ ನಾಲ್ಕನ್ನು ಹೇಳುತ್ತದೆ. ಇವುಗಳಲ್ಲಿ ತೂಕವು ಅತ್ಯಂತ ಸುಲಭವಾದದ್ದು: ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೆಯ ಒಂದು ಪಾಲು ಸೆಂಟ್. ಬೆಲೆಯನ್ನು ಕ್ಯಾರಟ್ಟಿನ ಲೆಕ್ಕದಲ್ಲಿ ಹೇಳುವರಾದರೂ ಅದು ಸಮನಾಗಿ ಏರುವುದಿಲ್ಲ; ಅರ್ಧ ಕ್ಯಾರಟ್, ಒಂದು ಕ್ಯಾರಟ್ ಎಂಬ ಗಡಿಗಳಲ್ಲಿ ಥಟ್ಟನೆ ಜಿಗಿಯುತ್ತದೆ. ಆದಕಾರಣ 97 ಸೆಂಟಿನ ಹರಳು 100 ಸೆಂಟಿನದಕ್ಕಿಂತ ಕಣ್ಣಿಗೆ ಕಿರಿದಾಗಿ ಕಾಣದೆಯೂ ಅಗ್ಗವಾಗಿ ದೊರೆಯಬಹುದು.

ಬಣ್ಣವನ್ನು ಅಳೆಯುವ, ಡಿ ಅಕ್ಷರದಿಂದ ಝಡ್‌ವರೆಗಿನ ಶ್ರೇಣಿಯನ್ನು ಅಮೇರಿಕೆಯ ಜಿ.ಐ.ಎ. ಸಂಸ್ಥೆಯು 1953ರಲ್ಲಿ ಬಳಕೆಗೆ ತಂದಿತು. ಅದಕ್ಕೆ ಮೊದಲು ವರ್ತಕರು ಎ, ಬಿ, ಸಿ ಅಕ್ಷರಗಳನ್ನು ಮನಬಂದಂತೆ ಬಳಸುತ್ತಿದ್ದುದರಿಂದ, ಹಳೆಯ ಗೊಂದಲದ ಸೋಂಕು ತಾಕದಿರಲೆಂದೇ ಡಿ ಅಕ್ಷರದಿಂದ ಆರಂಭಿಸಿದರು. ಡಿ, ಇ, ಎಫ್ ಎಂದರೆ ವರ್ಣಹೀನ. ಜಿ ಮೊದಲ್ಗೊಂಡು ಜೆ ವರೆಗೆ ಬಹುಮಟ್ಟಿಗೆ ವರ್ಣಹೀನ. ಮುಂದೆ ಹಳದಿಯ ಛಾಯೆ ಕ್ರಮೇಣ ಗಾಢವಾಗುತ್ತದೆ. ಪರೀಕ್ಷಕನು ಹರಳನ್ನು ಮುಖ ಕೆಳಗಾಗಿ ಇಟ್ಟು ಮಾದರಿಯ ಹರಳುಗಳೊಡನೆ ಹೋಲಿಸಿ ಈ ನಿರ್ಣಯಕ್ಕೆ ಬರುತ್ತಾನೆ. ನಮ್ಮ ಹೆಣ್ಣುಮಕ್ಕಳು ಧರಿಸುವ ಬೆಂಡೋಲೆ, ಮೂಗುಬೊಟ್ಟುಗಳು ಹಳದಿ ಚಿನ್ನದಲ್ಲಿಯೇ ಕಟ್ಟಲ್ಪಟ್ಟು, ಆ ಚಿನ್ನದ ಛಾಯೆಯೇ ಹರಳಿನ ಮೇಲೆ ಬೀಳುವುದರಿಂದ, ಅಂಥ ಒಡವೆಗಾಗಿ ಡಿ ವರ್ಗಕ್ಕೆ ಹಣ ಸುರಿಯುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಜಿ ಅಥವಾ ಎಚ್ ಸಾಕು.

ನಿರ್ಮಲತೆಯನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಡಿಯಲ್ಲಿ ನೋಡಿ ಹನ್ನೊಂದು ವರ್ಗಗಳಾಗಿ ವಿಂಗಡಿಸುತ್ತಾರೆ. ಬರಿಗಣ್ಣಿಗೆ ಕಾಣದ ಕಲೆಯು ಧರಿಸುವವಳ ಸೊಬಗನ್ನು ಕಿಂಚಿತ್ತೂ ಕುಂದಿಸದು; ವಿ.ಎಸ್., ಎಂದರೆ ಅತ್ಯಲ್ಪ ಕಲೆಯ, ವರ್ಗದ ಹರಳಿನ ಕಲೆಯನ್ನು ಮಸೂರವಿಲ್ಲದೆ ಕಾಣುವುದು ಸಾಮಾನ್ಯವಾಗಿ ಅಸಾಧ್ಯ.

ಹಾಗಾದರೆ ಹಣವನ್ನು ಎಲ್ಲಿ ಸುರಿಯಬೇಕು ಎಂದರೆ, ಸಾಣೆಯಲ್ಲಿ. ಮಿಕ್ಕ ಮೂರೂ ಪ್ರಕೃತಿಯ ಕೊಡುಗೆಯಾದರೆ ಇದೊಂದು ಮನುಷ್ಯನ ಕೈಯ ಕೌಶಲ. ಹರಳಿನ ತಳವು ಅತಿ ಆಳವಾದರೆ ಬೆಳಕು ಪಕ್ಕದಿಂದ ಸೋರಿಹೋಗುತ್ತದೆ, ಅತಿ ತೆಳುವಾದರೆ ಕೆಳಗಿನಿಂದ. ಮಾರ್ಸೆಲ್ ತೋಲ್ಕೋವ್ಸ್ಕಿಯು 1919ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಪ್ರಮಾಣಗಳ ಆಸುಪಾಸಿನಲ್ಲಿ ಕೊರೆದ ದುಂಡು ಹರಳು ಮಾತ್ರ ಒಳಹೊಕ್ಕ ಬೆಳಕನ್ನು ನೋಡುವವನ ಕಣ್ಣಿಗೆ ಮರಳಿಸುತ್ತದೆ. ತೂಕವನ್ನು ಉಳಿಸಿಕೊಳ್ಳುವ ಆಸೆಯಿಂದ ದಪ್ಪವಾಗಿ ಕೊರೆದ ಹರಳು ತಕ್ಕಡಿಯಲ್ಲಿ ಹೆಚ್ಚು ತೂಗಿ, ಕಿವಿಯಲ್ಲಿ ಮಂಕಾಗಿ ಕಾಣುತ್ತದೆ. ಕೊಂಡವನು ಮಂಕಿಗೇ ಬೆಲೆ ತೆತ್ತಂತಾಗುತ್ತದೆ. ಆದುದರಿಂದ ಪತ್ರದಲ್ಲಿ ಮೊದಲು ನೋಡತಕ್ಕದ್ದು ಸಾಣೆಯ ವರ್ಗ, ಅದು ‘ಎಕ್ಸೆಲೆಂಟ್’ ಅಥವಾ ‘ವೆರಿ ಗುಡ್’ ಆಗಿರಲಿ.

ಇನ್ನು ಆ ಪತ್ರವನ್ನು ಬರೆದವರು ಯಾರು? ಜಿ.ಐ.ಎ.ಯು 1931ರಲ್ಲಿ ಸ್ಥಾಪಿತವಾಗಿ, 1955ರಿಂದ ವಜ್ರದ ವರದಿಗಳನ್ನು ನೀಡುತ್ತ ಬಂದಿದೆ. 1975ರಲ್ಲಿ ಆಂಟ್‌ವರ್ಪಿನಲ್ಲಿ ಹುಟ್ಟಿದ ಐ.ಜಿ.ಐ.ಯ ಪತ್ರಗಳು ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ. ಎಲ್ಲ ಪ್ರಯೋಗಶಾಲೆಗಳ ಕಣ್ಣೂ ಒಂದೇ ಅಲ್ಲ. ಒಂದು ಕಡೆ ಎಚ್ ಎನಿಸಿದ ಹರಳು ಮತ್ತೊಂದು ಕಡೆ ಎಫ್ ಎನಿಸಿಕೊಳ್ಳುವುದುಂಟು. ಈ ಕಾರಣದಿಂದಲೇ 2014ರಲ್ಲಿ ವಜ್ರವರ್ತಕರ ವಿನಿಮಯ ಜಾಲವಾದ ರಾಪ್‌ನೆಟ್ಟು ಇ.ಜಿ.ಎಲ್. ಎಂಬ ಹೆಸರಿನ ಪ್ರಯೋಗಶಾಲೆಗಳ ವರದಿಗಳುಳ್ಳ ಹರಳುಗಳನ್ನು ತನ್ನ ಪಟ್ಟಿಯಿಂದ ಹೊರಗಿಟ್ಟಿತು. ಎರಡು ಹರಳುಗಳ ಬೆಲೆಯನ್ನು ಹೋಲಿಸುವವನು ಒಂದೇ ಪ್ರಯೋಗಶಾಲೆಯ ಪತ್ರಗಳನ್ನು ಹೋಲಿಸಬೇಕು. ಅಂಗಡಿಯವನೇ ಮುದ್ರಿಸಿಕೊಟ್ಟ ಚೀಟಿಯು ಮಾರುವವನ ಮಾತೇ ಹೊರತು ಸಾಕ್ಷಿಯಲ್ಲ. ಮೇಲಾಗಿ ಪತ್ರವು ಬೆಲೆಯನ್ನು ಹೇಳುವುದಿಲ್ಲ. ಗುಣವನ್ನು ಮಾತ್ರ ಹೇಳುತ್ತದೆ.

ಪತ್ರವೂ ಹರಳೂ ಒಂದಕ್ಕೊಂದು ಸೇರಿದವುಗಳೇ ಎಂಬುದನ್ನು ಖಚಿತಪಡಿಸಿಕೊಳ್ಳುವ ಉಪಾಯವೂ ಉಂಟು. ಅನೇಕ ಹರಳುಗಳ ನಡುಪಟ್ಟಿಯ ಮೇಲೆ ವರದಿಯ ಸಂಖ್ಯೆಯನ್ನು ಲೇಸರಿನಿಂದ ಕೊರೆದಿರುತ್ತಾರೆ. ಮಸೂರವನ್ನು ಕೇಳಿ ಪಡೆದು ಅದನ್ನು ಓದಿ, ಅದೇ ಸಂಖ್ಯೆಯನ್ನು ಪ್ರಯೋಗಶಾಲೆಯ ಜಾಲತಾಣದಲ್ಲಿ ಹುಡುಕಿ, ತೂಕವೂ ಅಳತೆಗಳೂ ಹೊಂದುವುವೆ ಎಂದು ನೋಡಬಹುದು. ಪತ್ರದ ಕೆಳಭಾಗದ ಟಿಪ್ಪಣಿಯನ್ನು ಓದದೆ ಬಿಡಬಾರದು: ಲೇಸರಿನಿಂದ ರಂಧ್ರ ಕೊರೆದು ಕಲೆಯನ್ನು ತೊಳೆದಿದ್ದರೆ, ಬಣ್ಣವನ್ನು ಕೃತಕವಾಗಿ ತಿದ್ದಿದ್ದರೆ ಅದನ್ನು ಹೇಳುವ ಸ್ಥಳ ಅದೇ. ಸಣ್ಣ ಹರಳುಗಳ ಒಡವೆಗೆ ಪ್ರತಿ ಹರಳಿಗೂ ಪತ್ರವಿರದೆ, ಒಟ್ಟು ತೂಕವೂ ‘ಇ-ಎಫ್, ವಿ.ವಿ.ಎಸ್.-ವಿ.ಎಸ್.’ ಎಂಬಂಥ ಬಣ್ಣ-ನಿರ್ಮಲತೆಗಳ ವ್ಯಾಪ್ತಿಯೂ ಮಾತ್ರ ಇರುತ್ತವೆ.

ಈಗಿನ ಅತ್ಯಂತ ಗಂಭೀರವಾದ ಪ್ರಶ್ನೆಯೆಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ್ದು. ‘ಅಮೇರಿಕನ್ ಡೈಮಂಡ್’ ಎಂದು ನಮ್ಮ ಪೇಟೆಯಲ್ಲಿ ಕರೆಯುವ ಹರಳು ವಜ್ರವೇ ಅಲ್ಲ, ಅದು ಜಿರ್ಕೋನಿಯದ್ದು. ಆದರೆ ಯಂತ್ರದಲ್ಲಿ ಬೆಳೆದದ್ದು ನಿಜವಾಗಿಯೂ ಇಂಗಾಲದ ಸ್ಫಟಿಕ, ಉಷ್ಣವಾಹಕತೆಯನ್ನು ಅಳೆಯುವ ಕೈಸಾಧನವು ಅದನ್ನು ವಜ್ರವೆಂದೇ ಸಾರುತ್ತದೆ. ಭೂಗರ್ಭದ ವಜ್ರಗಳಲ್ಲಿ ಶೇಕಡಾ 95ಕ್ಕೂ ಮಿಕ್ಕವುಗಳಲ್ಲಿ ಸಾರಜನಕದ ಪರಮಾಣುಗಳು ಗುಂಪುಗೂಡಿರುತ್ತವೆ, ಬೆಳೆಸಿದವುಗಳಲ್ಲಿ ಹಾಗಿರುವುದಿಲ್ಲ. ಈ ಭೇದವನ್ನು ಪ್ರಯೋಗಶಾಲೆಯ ಉಪಕರಣವಲ್ಲದೆ ಮನುಷ್ಯನ ಕಣ್ಣು ಕಾಣದು. ಬೆಳೆಸಿದ ವಜ್ರವನ್ನು ಕೊಳ್ಳುವುದು ತಪ್ಪೆಂದು ನಾನು ಹೇಳಲಾರೆ. ಅದರ ಬೆಲೆ ಬಹಳ ಕಡಮೆ, ಹೊಳಪು ಅದೇ. ಆದರೆ ಅದರ ಬೆಲೆ ಕೆಲವೇ ವರ್ಷಗಳಲ್ಲಿ ತೀವ್ರವಾಗಿ ಇಳಿದಿರುವುದರಿಂದ, ಆಪತ್ಕಾಲಕ್ಕೆ ಒದಗುವುದೆಂದು ಒಡವೆ ಮಾಡಿಸುವ ಕುಟುಂಬವು ತಾನು ಕೊಳ್ಳುತ್ತಿರುವುದು ಯಾವುದೆಂಬುದನ್ನು ಬಿಲ್ಲಿನಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಲೇಬೇಕು, ಹಿಂದಿರುಗಿಸಿದರೆ ಎಷ್ಟು ಕೊಡುವರೆಂಬುದನ್ನೂ ಸಹ.

ಹಾಲ್‌ಮಾರ್ಕಿನ ಮುದ್ರೆಯನ್ನು ಕಂಡು ವಜ್ರವೂ ಶುದ್ಧವೆಂದು ತಿಳಿಯುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಯ ಮಾರಾಟಕ್ಕೆ ಕಡ್ಡಾಯವಾದ ಆರು ಚಿಹ್ನೆಗಳ ಗುರುತನ್ನೊಳಗೊಂಡ ಆ ಮುದ್ರೆಯು ಚಿನ್ನದ ಶುದ್ಧತೆಯನ್ನು ಮಾತ್ರ ಹೇಳುತ್ತದೆ. ವಜ್ರದ ಒಡವೆಗಳಲ್ಲಿ ಅದು ಸಾಮಾನ್ಯವಾಗಿ 750, ಎಂದರೆ 18 ಕ್ಯಾರಟ್ಟಿನ ಚಿನ್ನ. ತೂಕದಲ್ಲಿಯೂ ಒಂದು ಎಚ್ಚರಿಕೆ ಬೇಕು: ಐದು ಕ್ಯಾರಟ್ ಹರಳುಗಳಿದ್ದರೆ ಅವುಗಳದೇ ಒಂದು ಗ್ರಾಂ, ಅದನ್ನು ಕಳೆದು ಉಳಿದುದಕ್ಕೆ ಮಾತ್ರ ಚಿನ್ನದ ಬೆಲೆ ಸಲ್ಲಬೇಕು.

ಮನೆಯಲ್ಲಿರುವ ಹಳೆಯ ಬೆಂಡೋಲೆಗೆ ಪತ್ರ ಮಾಡಿಸಬಯಸುವವರು, ಹಿಂಬದಿ ಮುಚ್ಚಿ ಕಟ್ಟಿದ ಹರಳಿನ ಪೂರ್ಣ ಪರೀಕ್ಷೆ ಸಾಧ್ಯವಿಲ್ಲವೆಂದೂ, ಕಟ್ಟಿನಲ್ಲಿರುವಂತೆಯೇ ನೋಡಿದರೆ ಬಣ್ಣ, ನಿರ್ಮಲತೆ, ತೂಕಗಳನ್ನು ಅಂದಾಜಿನಿಂದ ಮಾತ್ರ ಹೇಳುವರೆಂದೂ ತಿಳಿದಿರಬೇಕು. ಬಿಡಿಸಿ ಪರೀಕ್ಷಿಸುವುದಾದರೆ ಅನುಭವಸ್ಥ ಅಕ್ಕಸಾಲಿಗನ ಕೈಯಿಂದಲೇ ಆಗಲಿ; ಬಿರುಕಿಗೆ ಗಾಜು ತುಂಬಿದ ಹರಳು ಅವನ ಊದುಕೊಳವೆಯ ಉರಿಗೆ ಕೆಡುವುದುಂಟು. ಹೊಸ ಒಡವೆಯನ್ನು ಮುಂದೆಂದಾದರೂ ದುರಸ್ತಿಗೆ ಕೊಡುವಾಗ, ಕೊಡುವ ಮುನ್ನ ಒಮ್ಮೆ, ಮರಳಿ ಪಡೆಯುವಾಗ ಇನ್ನೊಮ್ಮೆ, ನಡುಪಟ್ಟಿಯ ಸಂಖ್ಯೆಯನ್ನು ಮಸೂರದಲ್ಲಿ ಓದಿ ಪತ್ರದೊಡನೆ ತಾಳೆ ನೋಡತಕ್ಕದ್ದು, ಮತ್ತು ಪತ್ರವನ್ನು ಒಡವೆಯ ಪೆಟ್ಟಿಗೆಯಲ್ಲಿಡದೆ ಬೇರೆಡೆಯಲ್ಲಿ ಕಾಪಾಡತಕ್ಕದ್ದು.