ಜನ ವೋಟೇ ಹಾಕದ ರಾಜ್ಯ ಗೆಲ್ಲಿಸಿದ ಅಧ್ಯಕ್ಷ

‘ಒಂದು ವೋಟಿಂದ ಏನಾಗುತ್ತೆ ಬಿಡ್ರೀ’ ಅನ್ನೋರಿಗೆ ನಾನು ಹೇಳೋದು ಅಮೆರಿಕದ ಕೊಲರಾಡೊ ಕಥೆ.

ಅಲ್ಲಿ ಅಧ್ಯಕ್ಷರನ್ನು ಆರಿಸುವುದು ಎಲೆಕ್ಟರುಗಳು. ಪ್ರತಿ ರಾಜ್ಯಕ್ಕೂ ಇಂತಿಷ್ಟು ಮಂದಿ. ಕೊಲರಾಡೊ ರಾಜ್ಯವಾಗಿದ್ದು 1876ರ ಆಗಸ್ಟ್ 1ರಂದು. ನವೆಂಬರ್‌ನಲ್ಲೇ ಅಧ್ಯಕ್ಷೀಯ ಚುನಾವಣೆ. ಜನರ ಬದಲು ಶಾಸನಸಭೆಯೇ ಮೂವರು ಎಲೆಕ್ಟರುಗಳನ್ನು ಆರಿಸಿಬಿಟ್ಟಿತು! ಮೂರೂ ಮತ ರಿಪಬ್ಲಿಕನ್ ಪಕ್ಷದ ರುದರ್‌ಫರ್ಡ್ ಹೇಯ್ಸ್‌ಗೆ.

ದೇಶದಲ್ಲಿ ಹೆಚ್ಚು ಜನರ ವೋಟು ಪಡೆದವರು ಡೆಮಾಕ್ರಟಿಕ್ ಪಕ್ಷದ ಸ್ಯಾಮ್ಯುಯೆಲ್ ಟಿಲ್ಡನ್. ಆದರೆ ಫ್ಲೋರಿಡಾ, ಲೂಸಿಯಾನಾ, ಸೌತ್ ಕೆರೊಲಿನಾದ ಎಣಿಕೆ ದೊಡ್ಡ ಜಗಳವಾಯಿತು. 15 ಜನರ ಆಯೋಗ 8-7ರಿಂದ ಹೇಯ್ಸ್ ಪರ ನಿಂತಿತು. ಕೊನೆಯ ಲೆಕ್ಕ 185-184. ಕೊಲರಾಡೊದ ಮೂರನ್ನು ಕಳೆದು ನೋಡಿ: ಟಿಲ್ಡನ್ನೇ ಅಧ್ಯಕ್ಷ!

1877ರಲ್ಲಿ ಹೇಯ್ಸ್ ಲೂಸಿಯಾನಾ, ಸೌತ್ ಕೆರೊಲಿನಾದ ಸರ್ಕಾರಗಳಿಗೆ ಕಾವಲಿದ್ದ ಸೈನ್ಯವನ್ನು ಹಿಂದೆಗೆದರು. ಮುಂದೆ ದಕ್ಷಿಣದ ಕಪ್ಪು ಜನ ಹೊಸದಾಗಿ ಪಡೆದಿದ್ದ ಮತದ ಹಕ್ಕನ್ನೇ ದಶಕಗಟ್ಟಲೆ ಕಳೆದುಕೊಂಡರು. ಮೇಲಿನವರ ಜಗಳಕ್ಕೆ ಬೆಲೆ ತೆತ್ತವರು ಅವರು ಅನ್ನೋದೇ ನನ್ನನ್ನು ಹೆಚ್ಚು ಕಾಡುತ್ತದೆ.

ಕೊಲರಾಡೊ ನಂತರ ಯಾವ ರಾಜ್ಯದ ಶಾಸನಸಭೆಯೂ ಹೀಗೆ ತಾನೇ ಎಲೆಕ್ಟರುಗಳನ್ನು ಆರಿಸಿಲ್ಲ. ಆದರೆ ಆರಿಸುವ ರೀತಿ ತೀರ್ಮಾನಿಸುವ ಅಧಿಕಾರವನ್ನು ಅಮೆರಿಕದ ಸಂವಿಧಾನ ಇವತ್ತಿಗೂ ಕೊಟ್ಟಿರೋದು ಶಾಸನಸಭೆಗೇ. ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳೋಕೆ ಸೋಮಾರಿತನ ಬಂದಾಗ ಇದನ್ನು ನೆನೆಸಿಕೊಳ್ಳಿ.