ಮಕ್ಕಳ ಕಾಸೂ ಕನ್ನಡನಾಡಿನ ಮಿಶನ್ನೂ

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವಣ ಸಂತೆಕಲ್ಲೂರಿನ ಸೀಮೆಯು 1948ರ ವರೆಗೂ ನಿಜಾಮರ ಆಳಿಕೆಗೆ ಸೇರಿದ್ದಿತು. ಇದರ ತೆಂಕಣಕ್ಕೆ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ನೆಲೆಗೊಂಡನು. ಪಡುವಣಕ್ಕೆ ಗದಗಿನ ಬಳಿಯ ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಠಾಣ್ಯವನ್ನು ಹೂಡಿದರು. ಈ ಎರಡು ಸಂಸ್ಥೆಗಳಿಗೂ ಹಣವು ಬಂದುದು ಸಿರಿವಂತರಿಂದ ಮಾತ್ರವಲ್ಲ. ಯುರೋಪಿನ ಚಿಕ್ಕ ಮಕ್ಕಳ ಕಾಸೂ ಅದರಲ್ಲಿ ಬೆರೆತಿದ್ದಿತು.

ಇಂಗ್ಲೆಂಡಿನ ಮಕ್ಕಳ ಉತ್ಸಾಹಕ್ಕೆ ಒಂದು ಹಡಗು ಪ್ರಸಿದ್ಧವಾದ ನಿದರ್ಶನ. ಜಾನ್ ವಿಲಿಯಮ್ಸನೆಂಬ ಮಿಶನರಿಯು ಪೆಸಿಫಿಕ್ ಸಾಗರದ ಎರೊಮಾಂಗಾ ದ್ವೀಪದಲ್ಲಿ 1839ರಲ್ಲಿ ಹತನಾದನು. ಅವನ ಹೆಸರಿನ ಹಡಗಿಗಾಗಿ ಮಕ್ಕಳು ಆರು ಸಾವಿರ ಪೌಂಡುಗಳಿಗೂ ಮಿಗಿಲಾಗಿ ಕೂಡಿಸಿದರು. 1844ರಲ್ಲಿ ನೀರಿಗಿಳಿದ ಆ ಹಡಗು 1864ರಲ್ಲಿ ಒಡೆಯಿತು. ಅದರ ಬದಲಿನದು 1867ರಲ್ಲಿ ಒಡೆಯಿತು. ಮರುವರ್ಷವೇ ಮೂರನೆಯದು ಸಿದ್ಧವಾಯಿತು. ಹಡಗೆಂದರೆ ಮಕ್ಕಳಿಗೆ ತಮ್ಮದೆನ್ನಿಸುವ ವಸ್ತು. ಬಯಲುಸೀಮೆಯ ಬಳ್ಳಾರಿಗೆ ಅಂತಹ ಆಕರ್ಷಣೆಯೆಲ್ಲಿಯದು? ಆದುದರಿಂದ ಭಾರತದ ವಿಷಯದಲ್ಲಿ ಕಥೆಯೂ ಚಿತ್ರವೂ ಹಡಗಿನ ಕೆಲಸವನ್ನು ಮಾಡಬೇಕಾಯಿತು. 1844ರಲ್ಲಿಯೇ ಲಂಡನ್ ಮಿಶನ್ನಿನವರೂ ವೆಸ್ಲಿಯನ್ನರೂ ಮಕ್ಕಳಿಗಾಗಿಯೇ ಬೇರೆ ಬೇರೆ ಮಾಸಪತ್ರಿಕೆಗಳನ್ನು ತೆಗೆದರು. ರಥ, ವಿಗ್ರಹ, ಬಾಲವಿಧವೆ, ಇವು ಇಂತಹ ಬರಹಗಳಿಗೆ ಒಗ್ಗಿದ ವಿಷಯಗಳು. ಕರುಣೆ ಹುಟ್ಟಬೇಕಾದರೆ ಕತ್ತಲೆಯನ್ನು ಗಾಢವಾಗಿ ಬಳಿಯಬೇಕಾಗುತ್ತಿದ್ದಿತು.

ಬಾಸೆಲಿನ ಏರ್ಪಾಡು ಇನ್ನೂ ಸರಳವಾದುದು. ರೇಷ್ಮೆಪಟ್ಟಿಯ ಉದ್ಯಮಿಯೂ ಮಿಶನ್ ಮಂಡಲಿಯ ಸದಸ್ಯನೂ ಆಗಿದ್ದ ಕಾರ್ಲ್ ಸರಾಸಿನನು 1855ರಲ್ಲಿ 'ಅರೆ ಬಾಟ್ಸೆನ್' ವಂತಿಗೆಯನ್ನು ಆರಂಭಿಸಿದನು. ವಾರಕ್ಕೆ ಅರೆ ಬಾಟ್ಸೆನ್, ಎಂದರೆ ಐದು ರಾಪೆನ್. ವರ್ಷಕ್ಕೆ 2 ಫ್ರಾಂಕು 60 ರಾಪೆನ್. ವಿನೋದವೇನೆಂದರೆ, 1850ರ ನಾಣ್ಯಸುಧಾರಣೆಯಿಂದ ಬಾಟ್ಸೆನ್ ಆಗಲೇ ರದ್ದಾಗಿದ್ದಿತು. ನಾಣ್ಯವು ಹೋಗಿ ಹೆಸರು ಮಾತ್ರ ಉಳಿಯಿತು. ಸಂಗ್ರಾಹಕರು ಮನೆಮನೆಗೆ ತಿರುಗಿ ಹಣವನ್ನೆತ್ತಿ, ಮಿಶನ್ನಿನ ವಾರ್ತೆಯ ಹಾಳೆಗಳನ್ನು ಹಂಚುತ್ತಿದ್ದರು. ಮನೆಗೆಲಸದವಳೂ ಮಗುವೂ ಕೊಡಬಲ್ಲಷ್ಟು ಅಲ್ಪವಾದ ಮೊತ್ತವಾದುದರಿಂದಲೇ ಅದು ದೊಡ್ಡ ಆದಾಯವಾಯಿತು.

ರವಿವಾರದ ಶಾಲೆಗಳಲ್ಲಿ ಮತ್ತೊಂದು ಸಾಧನವಿದ್ದಿತು: ಮಂಡಿಯೂರಿದ ಕರಿಯ ಬಾಲಕನ ಗೊಂಬೆಯುಳ್ಳ ಕಾಣಿಕೆಪೆಟ್ಟಿಗೆ. ಕಾಸು ಬಿದ್ದೊಡನೆ ಗೊಂಬೆಯು ತಲೆಬಾಗಿ ವಂದಿಸುವುದು. ಇಪ್ಪತ್ತನೆಯ ಶತಮಾನದ ನಡುವಿನ ವರೆಗೂ ಇದು ಬಳಕೆಯಲ್ಲಿದ್ದಿತು. ಕೊಡುವ ಮಗುವಿಗೆ ಸಂತೋಷವಾಗುತ್ತಿದ್ದುದು ನಿಜ. ಆದರೆ ದೂರದೇಶದ ಮಗುವೆಂದರೆ ಕೃತಜ್ಞತೆಯಿಂದ ಬಾಗುವ ತಲೆಯೆಂಬ ಪಾಠವನ್ನೂ ಆ ಗೊಂಬೆಯು ಕಲಿಸಿತು. ಶಾಲೆಗೂ ಅನಾಥಾಲಯಕ್ಕೂ ಆದ ಉಪಕಾರವನ್ನು ಒಪ್ಪಿಕೊಂಡರೂ ಈ ದೋಷವನ್ನು ಮರೆಮಾಡಲಾಗದು.

ಕಾಸನ್ನು ಕೊಟ್ಟ ಮಕ್ಕಳಿಗಿಂತ ಹೆಚ್ಚಿನ ಬೆಲೆಯನ್ನು ತೆತ್ತವರು ಮಿಶನರಿಗಳ ಸ್ವಂತ ಮಕ್ಕಳು. ಇಲ್ಲಿಯ ಹವೆಗೂ ಇಲ್ಲಿಯ ಸಹವಾಸಕ್ಕೂ ಅಂಜಿ, ವಿದ್ಯಾಭ್ಯಾಸದ ವಯಸ್ಸಿಗೆ ಅವರನ್ನು ಯುರೋಪಿಗೆ ಕಳುಹಿಸುತ್ತಿದ್ದರು. 1853ರಿಂದ ಬಾಸೆಲಿನಲ್ಲಿ ಅವರಿಗಾಗಿಯೇ ಮಕ್ಕಳ ಮನೆಯೊಂದು ಏರ್ಪಟ್ಟಿತು. ಅದಕ್ಕೂ ಮುಂಚೆಯೇ, ಹರ್ಮನ್ ಗುಂಡರ್ಟನ ಮಗಳಾಗಿ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದ ಮೇರಿಯನ್ನು ಎಳವೆಯಲ್ಲಿಯೇ ಯುರೋಪಿನಲ್ಲಿ ಬಿಟ್ಟುಬಂದಿದ್ದರು. ಅವಳು ತಂದೆತಾಯಿಗಳ ಬಳಿಗೆ ಹಿಂದಿರುಗಿದುದು 1857ರಲ್ಲಿ, ಹದಿನೈದರ ಪ್ರಾಯದಲ್ಲಿ.